ಕಿಶನ್‌ಗೆ ಎಷ್ಟು ತಿಂಗಳು

ಹೊಣಕೆರೆ ಕಡೆಯ ಜನಕ್ಕೆ ಕೂಸು ಕಂಡರೆ ಸಾಕು, ಮೊದಲು ಎಷ್ಟು ತಿಂಗಳು ಎನ್ನುತ್ತಾರೆ, ಆಮೇಲೆ ಕೂತಿತೇ ಎನ್ನುತ್ತಾರೆ, ಇಲ್ಲವೆಂದರೆ ತಮ್ಮ ಮನೆಯ ಮಗು ಯಾವಾಗ ಕೂತಿತೆಂದು ಕೇಳದಿದ್ದರೂ ಹೇಳುತ್ತಾರೆ. ಈ ಪೀಡೆಗೆ ದೊಡ್ಡತಾಯಮ್ಮ ಒಂದು ಉಪಾಯ ಕಂಡುಕೊಂಡಿದ್ದಳು. ಅವಳ ಮೊಮ್ಮಗ ಕಿಶನ್ ಎರಡೂವರೆ ತಿಂಗಳು ಮೊದಲೇ ಹುಟ್ಟಿದವನು. ಆಸ್ಪತ್ರೆಯಿಂದ ಕಳಿಸುವಾಗ ನರ್ಸಮ್ಮ, ಇವನ ಬೆಳವಣಿಗೆಯನ್ನು ಹುಟ್ಟಿದ ದಿನದಿಂದ ಎಣಿಸಬೇಡಿ, ಡಾಕ್ಟರು ಕೊಟ್ಟಿದ್ದ ಹೆರಿಗೆಯ ತಾರೀಕಿನಿಂದ ಎಣಿಸಿ ಎಂದಿದ್ದಳು. ಅಜ್ಜಿ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಈಗ ಮಗುವಿಗೆ ಹತ್ತು ತಿಂಗಳು ತುಂಬಿತ್ತು, ಊರಿಗೆಲ್ಲ ಏಳೂವರೆ.

ತಾಯಿ ಪವಿತ್ರಳನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಮೂಗಿಗೆ ಕೊಳವೆ ಹಾಕಿಸಿಕೊಂಡು ಮಲಗಿದ್ದ ಮಗುವನ್ನು ನಲವತ್ತೆಂಟು ದಿನ ನೋಡಿದವಳು, ಮನೆಗೆ ಬಂದ ಮೇಲೆ ಅಳಲೂ ಇಲ್ಲ, ನಗಲೂ ಇಲ್ಲ. ಹೊತ್ತುಹೊತ್ತಿಗೆ ಹಾಲೂಡುವುದು, ಬಟ್ಟೆ ಬದಲಿಸುವುದು ಒಂದೂ ತಪ್ಪುತ್ತಿರಲಿಲ್ಲ. ಗಟ್ಟಿಗಿತ್ತಿ ಎಂದು ಊರು ಹೊಗಳಿತು. ಗಟ್ಟಿತನವೂ ಇಲ್ಲ, ಮಣ್ಣೂ ಇಲ್ಲ. ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಅಷ್ಟೇ. ಬಟ್ಟೆ ಕಟ್ಟುವಾಗ ಮಗುವಿನ ತೊಡೆಗಳು ಬಿಗಿದು, ಕಾಲಿನ ಮೇಲೆ ಕಾಲು ಹೆಣೆದುಕೊಳ್ಳುವುದು ಎರಡು ತಿಂಗಳಿಂದ ಅವಳ ಕೈಗೆ ತಿಳಿಯುತ್ತಿತ್ತು. ಅದನ್ನೂ ಯಾರಿಗೂ ಹೇಳಿರಲಿಲ್ಲ.

ಗುರುವಾರ ಅತ್ತೆ ಸೊಸೆ ನಾಗಮಂಗಲದ ಮಕ್ಕಳ ಕ್ಲಿನಿಕ್ಕಿಗೆ ಹೋದರು. ಬೇಗ ಹುಟ್ಟಿದ ಮಕ್ಕಳ ಕೈಕಾಲು, ಬುದ್ಧಿ ಸರಿಯಾಗಿ ಬೆಳೆಯುತ್ತಿವೆಯೇ ಎಂದು ನೋಡಲು ರಾಧಾಮಣಿ ಎಂಬ ಫಿಸಿಯೋಥೆರಪಿ ಮೇಡಂ ವಾರಕ್ಕೊಮ್ಮೆ ಅಲ್ಲಿಗೆ ಬರುತ್ತಿದ್ದರು. ಮಗುವಿನ ಫೈಲು ಮಾತ್ರ ಪವಿತ್ರಳ ಗಂಡ ರವೀಂದ್ರನ ಬೈಕಿನ ಡಬ್ಬಿಯಲ್ಲೇ ಉಳಿದು, ಅವನ ಜೊತೆ ಡೇರಿಗೆ ಹೋಗಿತ್ತು.

"ಎಷ್ಟು ತಿಂಗಳು ಅಜ್ಜಿ?" ಮೇಡಂ ಕೇಳಿದರು.

"ಏಳೂವರೆ ಕಣವ್ವಾ." ದೊಡ್ಡತಾಯಮ್ಮನಿಗೆ ಬಾಯಿಪಾಠವಾಗಿದ್ದ ಉತ್ತರ.

"ಎಷ್ಟು ಮುಂಚೆ ಹುಟ್ಟಿದ್ದು?"

"ಎರಡೂವರೆ ತಿಂಗ್ಳು."

ಮೇಡಂ ಏಳೂವರೆಯಲ್ಲಿ ಮತ್ತೊಮ್ಮೆ ಎರಡೂವರೆ ಕಳೆದು, ಐದು ಎಂದು ಬರೆದುಕೊಂಡರು. ಕೆಂಪು ಚೆಂಡು ತೋರಿಸಿದರು. ಕಿಶನ್‌ನ ಕಣ್ಣು ಅದರ ಹಿಂದೆ ಹೋಯಿತು. ಗಿಲಕಿ ಆಡಿಸಿದರು, ತಿರುಗಿದ. ಕೈ ಹಿಡಿದು ಎತ್ತಿದರೆ ಕತ್ತು ನಿಂತಿತು. ಕೂರಿಸಿದರೆ ಮುಂದಕ್ಕೆ ಕುಸಿದ.

"ಐದು ತಿಂಗಳಿಗೆ ಇಷ್ಟು ಸಾಕು. ಕಾಲು ಸ್ವಲ್ಪ ಬಿಗಿ ಇದೆ. ಮೂರು ತಿಂಗಳು ಬಿಟ್ಟು ನೋಡೋಣ."

ದೊಡ್ಡತಾಯಮ್ಮನ ಮುಖ ಊರಗಲವಾಯಿತು. "ನಾನು ಅಂಗಂದಿರ್ಲಿಲ್ವಾ? ನನ್ ಕೂಸ್ಗೆ ಏನೂ ಆಗಿಲ್ಲ ಕಣೇ ಪವಿತ್ರಾ!" ಎನ್ನುತ್ತ ಆಗಲೇ ಟೋಪಿ ಕಟ್ಟತೊಡಗಿದಳು.

ಪವಿತ್ರಳಿಗೆ ತಪ್ಪು ಎಲ್ಲಾಯಿತೆಂದು ಗೊತ್ತಾಗಿತ್ತು. ಸುಮ್ಮನಿರುವುದು ಅವಳಿಗೆ ಕಷ್ಟದ ಕೆಲಸವೇನಲ್ಲ. ಸುಮ್ಮನಿದ್ದರೆ ಮೂರು ತಿಂಗಳು ಮನೆಯಲ್ಲಿ ನಗು ಇರುತ್ತಿತ್ತು. ಅವಳು ಬಾಗಿಲವರೆಗೂ ಹೋದಳು. ಹೆಗಲ ಮೇಲಿದ್ದ ಮಗುವಿನ ಕಾಲು ಅವಳ ಹೊಟ್ಟೆಗೆ ಕಟ್ಟಿಗೆಯಂತೆ ಒತ್ತುತ್ತಿತ್ತು. ತಿರುಗಿ ಬಂದಳು.

"ಮೇಡಂ, ಇವ್ನು ಹುಟ್ಟಿದ್ದು ಯುಗಾದಿ ಮಾರನೇ ದಿನ. ಇವತ್ಗೆ ಹತ್ತು ತಿಂಗ್ಳು. ಅತ್ತೆ ಕಳ್ದೇ ಹೇಳವ್ರೆ."

"ಬಾಯ್ ಮುಚ್ಕೊಂಡ್ ಬರಕಾಯ್ತಿರ್ಲಿಲ್ವೇನೇ?" ಅತ್ತೆ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಮೇಡಂ ಮಗುವನ್ನು ಮತ್ತೆ ಚಾಪೆಯ ಮೇಲೆ ಮಲಗಿಸಿದರು. ತೊಡೆಗಳನ್ನು ನಿಧಾನವಾಗಿ ಅಗಲಿಸಿದರು, ಬಿಟ್ಟರು, ಇನ್ನೊಮ್ಮೆ ಅಗಲಿಸಿದರು. ಬರೆದಿದ್ದ ಐದನ್ನು ಹೊಡೆದುಹಾಕಿದರು.

"ಏಳೂವರೆ ಅಂದ್ರೆ ಇದು ಸಾಲದು. ಮಿದುಳಿಂದ ಕಾಲಿಗೆ ಹೋಗೋ ಸೂಚನೆಯಲ್ಲಿ ತೊಡಕಿರಬಹುದು. ಡಾಕ್ಟರು ಇವತ್ತೇ ನೋಡಲಿ. ವ್ಯಾಯಾಮ ಈಗಲೇ ಶುರು ಮಾಡೋಣ, ಈ ವಯಸ್ಸಲ್ಲಿ ಮಿದುಳು ಬೇಗ ಕಲಿಯುತ್ತೆ."

"ನಡೀತಾನಾ ಅವ್ವಾ?" ದೊಡ್ಡತಾಯಮ್ಮ ಕೇಳಿದಳು.

"ಈಗಲೇ ಹೇಳೋಕಾಗಲ್ಲ ಅಜ್ಜಿ."

ಮುದುಕಿ ನಿಂತಲ್ಲೇ ಕುಕ್ಕರಿಸಿದಳು. ಪಾಪ, ಅವಳೇನು ಮೋಸ ಮಾಡಿದವಳಲ್ಲ. ಹೇಳಿಕೊಟ್ಟ ಲೆಕ್ಕವನ್ನೇ ನಿಯತ್ತಾಗಿ ಒಪ್ಪಿಸಿದ್ದಳು.

ಮೇಡಂ ಪವಿತ್ರಳ ಅಂಗೈಗಳನ್ನು ಮಗುವಿನ ಮಂಡಿಗಳ ಮೇಲಿಟ್ಟು, ಮೆಲ್ಲಗೆ ಅಗಲಿಸಿ ಇಪ್ಪತ್ತು ಎಣಿಸುವವರೆಗೂ ಹಿಡಿಯಬೇಕೆಂದು ತೋರಿಸಿದರು. ಕಿಶನ್ ಮೊದಲು ಅವಳ ಮುಖ ನೋಡಿದ, ಆಮೇಲೆ ಕಿರುಚಿದ. ನೋವಿಗಲ್ಲ, ಹೊಸದಲ್ಲವೇ ಅದಕ್ಕೆ ಎಂದರು ಮೇಡಂ.

ಪವಿತ್ರ ಹನ್ನೊಂದರವರೆಗೆ ಎಣಿಸಿದಳು. ಈ ಮಗು ನಡೆಯದೆ ಹೋಗಬಹುದು. ಗೊತ್ತಿದ್ದೂ ಎರಡು ತಿಂಗಳು ತಾನು ಬಾಯಿ ಬಿಟ್ಟಿರಲಿಲ್ಲ. ಹತ್ತು ತಿಂಗಳಲ್ಲಿ ಮೊದಲ ಸಲ ಅವಳಿಗೆ ಭಯವಾಯಿತು, ಕಣ್ಣು ಕತ್ತಲಿಡುವಷ್ಟು.

"ಬುಡೇ, ಸಾಕು ಬುಡೇ" ಎಂದು ಅತ್ತೆ ಅಳುತ್ತಿದ್ದಳು.

ಪವಿತ್ರ ಬಿಡಲಿಲ್ಲ. ಹನ್ನೆರಡು ಎಂದಳು.