ಉಡಿ ತುಂಬಿದ ಸೈಕಲ್

ಮೂರನೆಯ ರೊಟ್ಟಿ ಹಲಗೆಯ ಮೇಲೆ ಇನ್ನೂ ಅರ್ಧ ಅಗಲವಾಗಿತ್ತು. ಬಾಗಿಲ ಮುಂದೆ ಜೀಪು ನಿಂತ ಸದ್ದಾಯಿತು. ಹೈಸ್ಕೂಲಿನ ಡ್ರಿಲ್ ಮಾಸ್ತರ ಪ್ರಭುರಾಜ ಕೊರಳಲ್ಲಿ ಸೀಟಿ ಹಾಕಿಕೊಂಡು ನೇರ ಅಡುಗೆಮನೆಯ ಹೊಸ್ತಿಲ ತನಕ ಬಂದರು.

“ಅಕ್ಕಾರ, ರೊಟ್ಟಿ ಬಿಡ್ರಿ. ಸೈಕಲ್ ಹತ್ರಿ.”

ಲಲಿತಾ ಕೈ ನಿಲ್ಲಿಸಲಿಲ್ಲ. “ಯಾವ ಸೈಕಲ್ರೀ ಸರ?”

“ನಿಮ್ದ ಸೈಕಲ್. ಗಂಗಾವತಿ ಹುಡುಗಿ ಜ್ವರ ಬಂದು ಮಲಗ್ಯಾಳ. ಇವತ್ತಿನ ರೇಸಿನ್ಯಾಗ ಹೆಣ್ಮಕ್ಕಳೊಳಗ ಮೂರು ಮಂದಿ ಗುಡ್ಡ ಮುಟ್ಟಿದ್ರ ಅಷ್ಟ ಲೆಕ್ಕಕ್ಕ ಹಿಡೀತಾರ. ಈಗ ನಿಮ್ಮ ದೀಪಿಕಾ ಒಬ್ಬಾಕಿ, ಕುಷ್ಟಗಿ ಖುರ್ಷಿದಾ ಒಬ್ಬಾಕಿ. ಮೂರನೇದಾಕಿನ್ನ ನಾ ಎಲ್ಲಿಂದ ತರ್ಲಿ?”

“ನನಗ ಮೂವತ್ತೆಂಟ್ರೀ.”

“ವಯಸ್ಸು ಯಾರೂ ಕೇಳೂದಿಲ್ಲ. ದಿನಾ ಬಿಸಿಯೂಟ ಮಾಡಾಕ ಸಾಲಿಗೆ ಸೈಕಲ್ ಮ್ಯಾಲ ಹೋಗ್ತೀರಿ. ಇವತ್ತ ಹತ್ತು ಹೆಜ್ಜಿ ಹೆಚ್ಚಿಗಿ ತುಳೀರಿ.”

ಆ ಹತ್ತು ಹೆಜ್ಜೆ ಎಂದರೆ ಹದಿನೈದು ಕಿಲೋಮೀಟರು. ಅವರ ಊರು, ಕಡಲ ತೀರದ್ದಲ್ಲ, ಕೊಪ್ಪಳ ಸೀಮೆಯ ಮಂಗಳೂರಿನ ಬಸ್ ನಿಲ್ದಾಣದಿಂದ ಹನ್ನೆರಡು ಕಿಲೋಮೀಟರು ಎರೆಹೊಲಗಳ ನಡುವೆ ಸಪಾಟು ರಸ್ತೆ, ಆಮೇಲೆ ಮೂರು ಕಿಲೋಮೀಟರು ಗುಡ್ಡ. ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ಮಾಡುವ ದೊಡ್ಡ ಫ್ಯಾನುಗಳನ್ನು ನಿಲ್ಲಿಸಿದಾಗ ಹಾಕಿದ ರಸ್ತೆ ಅದು. ಸುತ್ತಲಿನ ನೆಲದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ಅದಕ್ಕೇ ಅಲ್ಲಿಗೆ ಹವ್ಯಾಸಿಗಳ ಸೈಕಲ್ ಓಟ ಇಟ್ಟಿದ್ದರು. ಏಳೂವರೆಗೆ ಶುರು, ಒಂಬತ್ತೂವರೆಗೆ ಮೇಲಿನ ಬಾವುಟ ಇಳಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಮೊದಲು ಬಂದವಳ ಹೆಸರು ಸೈಕಲ್ ಓಟಗಾರರನ್ನು ಇಟ್ಟುಕೊಂಡು ಕಲಿಸುವ ಸರ್ಕಾರಿ ಹಾಸ್ಟೆಲಿಗೆ ಹೋಗುತ್ತದೆ. ಆ ಹಾಸ್ಟೆಲು ಬಸ್ಸಿನಲ್ಲಿ ಆರು ತಾಸಿನ ದಾರಿ.

ಅಂಗಳದಲ್ಲಿ ದೀಪಿಕಾ ಗೇರಿನ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದಳು. ಶಬ್ಬೀರಸಾಬರ ಅಂಗಡಿಯಿಂದ ಎರವಲು ತಂದ ಸೈಕಲ್. ಮಾಸ್ತರರ ಮಾತು ಕೇಳಿ ಪಂಪು ನಿಂತಿತು. ಅವಳು ಅವ್ವನ ಬೆನ್ನನ್ನು ನೋಡುತ್ತ ನಿಂತಳು. ಹೋದ ವಾರ ಅವಳು ಮನೆಯ ತಗಡಿನ ಟ್ರಂಕನ್ನು ಖಾಲಿ ಮಾಡಿ, ಒರೆಸಿ, ಬಿಸಿಲಿಗಿಟ್ಟಿದ್ದಳು. ಇಲಿ ಕಾಟ ಭಾಳ ಎಂದು ಲಲಿತಾ ಮರುದಿನವೇ ಅದರೊಳಗೆ ತೊಗರಿಬೇಳೆ ತುಂಬಿಟ್ಟಿದ್ದಳು. ಗಂಡ ಯಂಕೇಶ ಗಂಗಾವತಿ ಡಿಪೋದಲ್ಲಿ ಕಂಡಕ್ಟರು, ಮನೆಗೆ ಬರುವುದು ವಾರಕ್ಕೊಮ್ಮೆ. ಉಳಿದ ಆರು ದಿನ ಈ ಮನೆಯಲ್ಲಿ ರೊಟ್ಟಿ ತಿನ್ನುವವರು ಇಬ್ಬರೇ.

“ಒಲಿ ಆರಸ್ತೀನಿ, ತಡೀರಿ,” ಎಂದಳು ಲಲಿತಾ.

ಸೀರೆಯೊಳಗೆ ಮಗಳ ಟ್ರ್ಯಾಕ್ ಪ್ಯಾಂಟು, ತಲೆಗೆ ಗಂಡನ ಬೈಕಿನ ಹೆಲ್ಮೆಟ್. ಸೈಕಲ್ಲು, ದೀಪಿಕಾಳಿಗೆ ಎಂಟನೆಯ ಇಯತ್ತೆಯಲ್ಲಿ ಸಾಲೆಯಿಂದ ಬಂದದ್ದು, ಮುಂದೆ ತಂತಿ ಬುಟ್ಟಿ. ನಿಲ್ದಾಣದಲ್ಲಿ ಕೊಪ್ಪಳದಿಂದ, ಹೊಸಪೇಟೆಯಿಂದ ಬಂದ ಗಂಡಸರು ಮೈಗಂಟಿದ ಬಣ್ಣದ ಅಂಗಿ ಹಾಕಿಕೊಂಡು ನಿಂತಿದ್ದರು. ಅವರಲ್ಲೊಬ್ಬ ಬುಟ್ಟಿಯನ್ನು ನೋಡಿ, “ಅಕ್ಕಾರ, ಸಂತಿಗೆ ಹೊಂಟೀರೇನು?” ಎಂದ.

“ಹೌದಪಾ. ನಿಮಗೇನರ ತರೂದೈತೇನು?” ಎಂದಳು ಲಲಿತಾ.

ಸೀಟಿ ಮೊಳಗಿತು. ಬಣ್ಣದ ಅಂಗಿಗಳು ಒಂದೇ ಉಸಿರಿಗೆ ಮಾಯವಾದವು. ಅವುಗಳ ಹಿಂದೆ ದೀಪಿಕಾ, ಖುರ್ಷಿದಾ. ಎಲ್ಲರಿಗಿಂತ ಹಿಂದೆ ಲಲಿತಾ. ಅವಳ ಹಿಂದೆ, ಕೊನೆಯವರನ್ನು ಕಾಯುವ ಜೀಪಿನಲ್ಲಿ ಪ್ರಭುರಾಜ ಮಾಸ್ತರರು.

ದಾರಿಯುದ್ದಕ್ಕೂ ಪರಿಚಯದ ಮಂದಿ. ಮಾತಾಡಿಸಿದವರಿಗೆ ಉತ್ತರ ಕೊಡದೆ ಹೋದರೆ ಸೊಕ್ಕು ಅಂತಾರೆ. ಮೆಣಸಿನಕಾಯಿ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತು ಕೂಗಿದಳು.

“ಎಲ್ಲಿಗೆ ಲಲಿತವ್ವ, ಇಷ್ಟ ಅವಸರದಾಗ?”

“ಗುಡ್ಡಕ್ಕಬೇ.”

“ಗುಡ್ಡದಾಗ ಏನೈತಿ?”

“ಏನಿಲ್ಲಬೇ.”

“ಹಂಗಾರ ಸಾವಕಾಶ ಹೋಗು.”

ಎಂಟು ಇಪ್ಪತ್ತಕ್ಕೆ ಗುಡ್ಡದ ಬುಡ ಬಂತು. ಬುಡದಲ್ಲಿರುವ ಊರೇ ಲಲಿತಾಳ ತವರು. ರಸ್ತೆಗೆ ಮುಖಮಾಡಿ ಮೂರನೆಯದು ಅವಳ ಅವ್ವ ಮುದುಕವ್ವನ ಮನೆ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ. ಬಾಗಿಲು ಅರ್ಧ ಮುಚ್ಚಿತ್ತು. ಮೇಲೆ, ಗುಡ್ಡದ ಎರಡನೆಯ ತಿರುವಿನಲ್ಲಿ, ಮಗಳ ಕೆಂಪು ಅಂಗಿ ಕುಂಕುಮದ ಬೊಟ್ಟಿನಷ್ಟು ಕಾಣುತ್ತಿತ್ತು, ಖುರ್ಷಿದಾಳಿಗಿಂತ ಬಹಳ ಮುಂದೆ. ಸುಮ್ಮನೆ ದಾಟಿ ಹೋಗಬಹುದಿತ್ತು.

ಲಲಿತಾ ಗಂಟೆ ಬಾರಿಸಿದಳು. ಒಂದು ಸಲವಲ್ಲ, ಮೂರು ಸಲ.

ಹಿತ್ತಲಿಂದ ಮುದುಕವ್ವ ಓಡಿ ಬಂದಳು, ಹಿಂದೆ ಸೊಸೆ. “ಯವ್ವಾ, ನಮ್ಮ ಲಲಿತಾ! ಇದೇನ ತಲಿ ಮ್ಯಾಲ ಗಡಿಗಿ ಬೋರಲ ಹಾಕ್ಕೊಂಡಿ? ಇಳಿ, ಇಳಿ.”

“ಬ್ಯಾಡಬೇ, ರೇಸಿನ್ಯಾಗ ಅದೀನಿ.”

“ಯಾವ ರೇಸ ಇರಲಿ. ತವರಮನಿ ಮುಂದ ಬಂದು ಬರಿಗೈಲೆ ಹೋದ್ರ ಊರ ಮಂದಿ ನನ್ನ ಮಾರಿ ಮ್ಯಾಲ ಉಗುಳ್ತಾರ. ಚಾ ಕುಡಿ, ಉಡಿ ತುಂಬಿಸ್ಕೋ, ಹೋಗು.”

ಮಾಸ್ತರರು ಜೀಪಿನಿಂದ ತಲೆ ಹೊರಗೆ ಹಾಕಿದರು. “ಅಜ್ಜಿ, ಟೈಮಿಲ್ಲ. ಇವ್ರು ಮುಟ್ಟಲಿಲ್ಲಂದ್ರ ನಿಮ್ಮ ಮೊಮ್ಮಗಳ ಗೆದ್ದಿದ್ದು ನೀರಾಗ ಹೋಮ.”

“ನೀವೂ ಬರ್ರಿ ಮಾಸ್ತರ. ಚಾ ಕುಡಿಲಿಕ್ಕ ಎಷ್ಟೊತ್ತು ಬೇಕು?”

ಇಪ್ಪತ್ತು ನಿಮಿಷ ಬೇಕಾಯಿತು, ಏಕೆಂದರೆ ಎಮ್ಮೆ ಹಿಂಡಿರಲಿಲ್ಲ. ಸೊಸೆ ಹಿಂಡಲು ಕುಳಿತಳು. ಹೆಲ್ಮೆಟ್ಟು ಕಂಡು ಬೆದರಿದ ಎಮ್ಮೆ ಹಾಲು ಇಳಿಸಲಿಲ್ಲ. ಲಲಿತಾ ಹೆಲ್ಮೆಟ್ಟು ತೆಗೆದು ಮೈದಡವಿದ ಮೇಲೆ ಅದು ಸಮಾಧಾನವಾಯಿತು. ಅಷ್ಟು ಹೊತ್ತು ಗಡಿಯಾರ ನೋಡುತ್ತಿದ್ದ ಮಾಸ್ತರರು ಕಪ್ಪು-ಬಸಿಯಲ್ಲಿ ಚಹಾ ಬಂದ ಕೂಡಲೇ ನೋಡುವುದನ್ನು ಬಿಟ್ಟರು. “ಸಕ್ರಿ ಸ್ವಲ್ಪ ಹೆಚ್ಚಿಗಿ ಆಗೇತಿ. ಆದ್ರ ಛಲೋ ಐತಿ,” ಎಂದರು.

ಆಮೇಲೆ ಕಂಬಳಿ ಹಾಸಿ, ಲಲಿತಾಳನ್ನು ಕೂರಿಸಿ, ಸೊಸೆ ಅರಿಷಿಣ ಕುಂಕುಮ ಹಚ್ಚಿ ಸೆರಗಿನಲ್ಲಿ ಉಡಿ ತುಂಬಿದಳು. ಅಕ್ಕಿ, ಒಂದು ಕುಪ್ಪಸದ ಖಣ, ಐದು ಉತ್ತತ್ತಿ, ಎರಡು ತೆಂಗಿನಕಾಯಿ. ಎಲ್ಲವನ್ನೂ ಗಂಟು ಕಟ್ಟಿ ಬುಟ್ಟಿಯಲ್ಲಿಟ್ಟಾಗ ಸೈಕಲ್ಲಿನ ಮೂತಿ ಗೂಳಿಯಂತೆ ಒಂದು ಕಡೆ ತಿರುಗಿತು.

ಏರು ಶುರುವಾದಾಗ ಎಂಟು ಐವತ್ತು. ನೂರು ಮಾರು ತುಳಿದ ಮೇಲೆ ಲಲಿತಾ ಇಳಿದು ತಳ್ಳತೊಡಗಿದಳು. ತಳ್ಳಬಾರದೆಂಬ ನಿಯಮ ಇರಲಿಲ್ಲ.

“ಅಕ್ಕಾರ, ಆ ಗಂಟು ಕೆಳಗ ಇಡ್ರಿ. ವಾಪಸ್ ಬರುವಾಗ ತಗೊಳ್ಳೋಣು.”

“ಉಡಿ ಅಕ್ಕಿ ರಸ್ತಾದಾಗ ಇಡ್ತಾರೇನ್ರಿ?”

“ಜೀಪಿನ್ಯಾಗ ಇಡ್ರಿ ಹಂಗಾರ.”

“ಉಡಿ ಯಾರದೋ ಅವರ ಹೊರಬೇಕ್ರಿ. ನಿಮ್ಮ ಮನಿಯಾಗ ಹೇಳ್ಯಾರೋ ಇಲ್ಲೋ?”

ಮಾಸ್ತರರ ಹೆಂಡತಿಯೂ ಹಾಗೇ ಹೇಳಿದ್ದಿರಬೇಕು. ಅವರು ತಲೆ ಒಳಗೆಳೆದುಕೊಂಡರು. ಜೀಪು ಮೊದಲ ಗೇರಿನಲ್ಲಿ ನರಳುತ್ತ ಹಿಂದೆ ಬಂತು.

ಮೊದಲ ತಿರುವಿನಲ್ಲಿ ಲಲಿತಾ ನಿಂತು ನೀರು ಕುಡಿದಳು. ಎರಡನೆಯದರಲ್ಲಿ ಮತ್ತೆ ನಿಂತಳು. ಒಂಬತ್ತೂ ಹದಿನಾರು ಎಂದು ಮಾಸ್ತರರು ಕೂಗಿದರು. ಅವಳು ತಲೆ ಎತ್ತಿದಳು. ಮೇಲೆ ಅಂಚಿನಲ್ಲಿ, ಫ್ಯಾನಿನ ಕಂಬದ ಹತ್ತಿರ ದೀಪಿಕಾ ನಿಂತಿದ್ದಳು. ಕೈ ಬೀಸುತ್ತಿರಲಿಲ್ಲ, ಕೂಗುತ್ತಿರಲಿಲ್ಲ. ಹೆಲ್ಮೆಟ್ಟನ್ನು ಎದೆಗೆ ಒತ್ತಿ ಹಿಡಿದು ರಸ್ತೆಯನ್ನೇ ನೋಡುತ್ತಿದ್ದಳು, ಚಿಕ್ಕವಳಿದ್ದಾಗ ಸಂಜೆ ಅಪ್ಪನ ಬಸ್ಸಿಗೆ ಕಾಯುತ್ತಿದ್ದ ಹಾಗೆ.

ಲಲಿತಾ ಬಾಟಲಿಯಲ್ಲಿ ಉಳಿದ ನೀರನ್ನು ಚೆಲ್ಲಿದಳು. ಸೆರಗು ಸೊಂಟಕ್ಕೆ ಬಿಗಿದು, ಸೈಕಲ್ ಹತ್ತಿದಳು.

ಆಮೇಲಿನದನ್ನು ಮಾಸ್ತರರು ಎಷ್ಟೋ ದಿನ ಸಾಲೆಯಲ್ಲಿ ಹೇಳಿದರು. ತೆಂಗಿನಕಾಯಿಗಳು ಒಂದಕ್ಕೊಂದು ಬಡಿಯುತ್ತಿದ್ದವು, ಚೈನು ಕಿರುಗುಡುತ್ತಿತ್ತು, ಸೀಟಿನಿಂದ ಎದ್ದು ನಿಂತು ತುಳಿದ ಹೆಣ್ಣುಮಗಳ ಮುಂದೆ ತಮ್ಮ ಜೀಪೇ ಎರಡು ಸಲ ಬಂದ್ ಬಿತ್ತು ಎಂದು. ಒಂಬತ್ತೂ ಇಪ್ಪತ್ತೆಂಟಕ್ಕೆ ಲಲಿತಾ ಬಾವುಟ ದಾಟಿ, ಅಲ್ಲೇ ಹುಲ್ಲಿನ ಮೇಲೆ ಗಂಟಿನ ಸಮೇತ ಕುಳಿತುಬಿಟ್ಟಳು. ಮೂವರಿಗೂ ಕೊರಳಿಗೆ ಪದಕ ಬಿತ್ತು. ಬೆಳಿಗ್ಗೆ ಸಂತೆ ಎಂದವನು ಬಂದು, “ಅಕ್ಕಾರ, ನಮಗೇನು ತಂದ್ರಿ?” ಎಂದ. ಅವಳು ಒಂದು ಉತ್ತತ್ತಿ ತೆಗೆದು ಕೈಗಿಟ್ಟಳು.

ಅಷ್ಟರಲ್ಲಿ ತನ್ನ ಮಗ ಗಾಳೇಶನ ಬೈಕಿನ ಮೇಲೆ ಮುದುಕವ್ವನೂ ಬಂದಳು. ಮೊಮ್ಮಗಳ ಪದಕ ಮುಟ್ಟಿ ನೋಡಿ, ಲಟಿಕೆ ಮುರಿದು, ಸುತ್ತ ನಿಂತವರಿಗೆಲ್ಲ ಹೇಳಿದಳು. “ನಾವು ಹಿತ್ತಲದಾಗ ಇದ್ವಿ ನೋಡ್ರಿ. ನಮ್ಮ ಲಲಿತಾನ ಮೂರು ಸಲ ಗಂಟಿ ಬಾರಿಸಿ ಕರದ್ಲು. ಇಲ್ಲಂದ್ರ ನಮಗ ಗೊತ್ತ ಆಗ್ತಿದ್ದಿಲ್ಲ.”

ಎಲ್ಲರೂ ನಕ್ಕರು. ದೀಪಿಕಾ ಬಾಳೆಹಣ್ಣು ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಿ, ಅವ್ವನ ಕಡೆ ನೋಡಿ, ಮತ್ತೆ ಹಣ್ಣಿನ ಕಡೆ ನೋಡಿದಳು. ಲಲಿತಾ ಚಪ್ಪಲಿಯ ಮಣ್ಣು ಕೊಡವುತ್ತಿದ್ದಳು.

ಇಳಿಯುವಾಗ ಇಬ್ಬರೇ ಇದ್ದರು. ಗೇರಿನ ಸೈಕಲ್ಲು ತಾನಾಗಿಯೇ ಮುಂದೆ ಓಡುತ್ತಿತ್ತು. ದೀಪಿಕಾ ಎರಡೂ ಬ್ರೇಕು ಒತ್ತಿ ಅದನ್ನು ಬುಟ್ಟಿಯ ಸೈಕಲ್ಲಿನ ಸರಿಸಮಕ್ಕೆ ತಂದಳು, ಹಾಗೇ ಹಿಡಿದುಕೊಂಡೇ ಎರಡು ತಿರುವು ಇಳಿದಳು. ರಬ್ಬರಿನ ಕಮರು ವಾಸನೆ ಬರತೊಡಗಿತು. ಕೆಳಗೆ ಅಜ್ಜಿಯ ಮನೆಯ ತಗಡು ಬಿಸಿಲಿಗೆ ಹೊಳೆಯುತ್ತಿತ್ತು.

“ಯವ್ವಾ,” ಎಂದಳು ದೀಪಿಕಾ, ರಸ್ತೆಯಿಂದ ಕಣ್ಣು ತೆಗೆಯದೆ. “ನಿನಗ ಮ್ಯಾಲ ಬರೂ ಮನಸ್ಸ ಇತ್ತೋ, ಇದ್ದಿಲ್ಲೋ?”