ಭಾನುವಳ್ಳಿ ಹೀರೆಯ ಬೀಜ

ಪರರ ಕಾಂಪೌಂಡಿನ ಹೂವನ್ನು ಕಿತ್ತು ತಮ್ಮ ದೇವರಿಗೆ ಏರಿಸುವವರ ಭಕ್ತಿಯಲ್ಲಿ ನನಗೆ ಎಂದೂ ನಂಬಿಕೆ ಹುಟ್ಟಿಲ್ಲ. ದಾವಣಗೆರೆಯ ಕೆ.ಬಿ. ಬಡಾವಣೆಯ ನಮ್ಮ ಬೀದಿಯಲ್ಲಿ ವಾಯುವಿಹಾರಕ್ಕೆ ಬರುವ ಸಭ್ಯರ ಕೈಯಲ್ಲೆಲ್ಲ ಒಂದೊಂದು ಪ್ಲಾಸ್ಟಿಕ್ ಚೀಲವಿರುತ್ತದೆ. ಬೀದಿಗೆ ಬಾಗಿದ ಕಣಗಿಲೆ, ದಾಸವಾಳ ಯಾವುದೂ ಅವರಿಂದ ಉಳಿಯದು. ಕೇಳಿದರೆ, ದೇವರಿಗಲ್ಲವೇ ಎಂದು ನಗುತ್ತಾರೆ. ದೇವರ ಹೆಸರಿನಲ್ಲಿ ಮಾಡಿದ ಕಳ್ಳತನವೂ ಕಳ್ಳತನವೇ ಎಂದು ಪ್ರೌಢಶಾಲೆಯ ಮಕ್ಕಳಿಗೆ ವಿಜ್ಞಾನದ ಜೊತೆಗೇ ಕಲಿಸಿ ನಿವೃತ್ತಳಾದವಳು ನಾನು. ಆದ್ದರಿಂದ ಈ ಬೇಸಿಗೆ ನಮ್ಮ ಹೀರೆಬಳ್ಳಿಯ ಹೂಗಳು ಕಾಣೆಯಾಗತೊಡಗಿದಾಗ ನನ್ನ ಸಂಶಯ ಯಾರ ಮೇಲೆ ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ.

ಆ ಬಳ್ಳಿಯನ್ನು ನಾನು ಬೆಳೆಸಿದ್ದು ನನಗಾಗಿ ಅಲ್ಲ. ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರುಕ್ಸಾನಾಳ ತವರು ಹರಿಹರ ತಾಲ್ಲೂಕಿನ ಭಾನುವಳ್ಳಿ. ಅಲ್ಲಿನ ಹಿತ್ತಲಲ್ಲಿ ಅವಳ ತಾಯಿ ರಶೀದಾ ಪ್ರತಿವರ್ಷ ಬೀಜ ತೆಗೆದಿರಿಸಿ ಒಂದು ಹೀರೆಯನ್ನು ಬೆಳೆಯುತ್ತಿದ್ದರು. ಕಾಯಿ ಗಿಡ್ಡ, ಮೈಮೇಲಿನ ಏಣುಗಳು ಒತ್ತೊತ್ತು, ರುಚಿ ತುಸು ಸಿಹಿ. ತಾಯಿ ತೀರಿದ ಮೇಲೆ ಅಣ್ಣಂದಿರು ಹಿತ್ತಲಲ್ಲಿ ಗೋದಾಮು ಕಟ್ಟಿಸಿದರು. ರುಕ್ಸಾನಾಳ ಪಾಲಿಗೆ ಉಳಿದದ್ದು ಬಟ್ಟೆಯ ಗಂಟಿನಲ್ಲಿದ್ದ ಕೆಲವು ಬೀಜ ಮಾತ್ರ. ಮಹಡಿಯ ಕುಂಡಗಳಲ್ಲಿ ಅವಳು ಹಾಕಿದವು ಬಿಸಿಲಿಗೆ ಸುಟ್ಟುಹೋದವು. ಯುಗಾದಿಗೆ ಮುಂಚೆ ಮಿಕ್ಕವನ್ನೆಲ್ಲ ತಂದು ನನ್ನ ಕೈಗಿಟ್ಟಳು.

"ನಿಮ್ಮನ್ಯಾಗೆ ಮಣ್ಣೈತೆ ಟೀಚರ್. ಒಂದು ಕಾಯಿ ಬಳ್ಳ್ಯಾಗೇ ಒಣಗಿ ಬೀಜ ಆಗ್ಲಿ, ಅಷ್ಟು ಸಾಕು. ಅಡಿಗೀಗೆ ನಂಗೇನೂ ಬ್ಯಾಡ."

ಹಾಕಿದ ಬೀಜಗಳಲ್ಲಿ ಮೊಳೆತದ್ದು ಒಂದೇ. ಅದು ಹೋದರೆ ಆ ತಳಿಯೇ ಹೋದಂತೆ.

ಬೇಸಿಗೆಯಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಸುರಿಯುವುದು ನೆರೆಹೊರೆಗೆ ಬಗೆಯುವ ದ್ರೋಹವೆಂದೇ ನನ್ನ ನಂಬಿಕೆ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಬಕೆಟ್ಟಿನಲ್ಲಿ ಕೂಡಿಟ್ಟು ಬುಡಕ್ಕೆ ಹಾಕಿದೆ. ಒಣ ಎಲೆ ಹೊದಿಸಿದೆ. ಎಲೆ ಕೊರೆಯುವ ಕೆಂಪು ಹುಳುಗಳನ್ನು ಕೈಯಿಂದಲೇ ಆರಿಸಿದೆ. ಅಳಿಲೊಂದು ಕುಡಿಯನ್ನು ತುಂಡರಿಸಿದ ದಿನ ಊಟ ಸೇರಲಿಲ್ಲ. ಮತ್ತೊಂದು ಬೆಳಗ್ಗೆ ಕತ್ತರಿಸಿದಲ್ಲಿಂದಲೇ ಹೊಸ ಕುಡಿ ಹೊರಟು ಬಟ್ಟೆ ಒಣಗಿಸುವ ತಂತಿಯನ್ನು ಸುತ್ತಿ ಹಿಡಿದಿತ್ತು. ಯಾರೂ ಕಾಣದಂತೆ ಆ ತಂತಿಗೆ ಕೈಮುಗಿದೆ.

ಹೀರೆಯ ಹೂ ಅರಳುವುದು ಇಳಿಹೊತ್ತಿನಲ್ಲಿ. ಮಧ್ಯಾಹ್ನ ಗೊಂಚಲು ಗೊಂಚಲಾಗಿ ಕಾಣುತ್ತಿದ್ದ ಮೊಗ್ಗುಗಳಲ್ಲಿ ದೀಪ ಹಚ್ಚುವ ವೇಳೆಗೆ ಒಂದು ಹೂವೂ ಇರುತ್ತಿರಲಿಲ್ಲ. ಬುಡದಲ್ಲಿ ಪುಟ್ಟ ಕಾಯಿ ಹೊತ್ತ ಹೂಗಳು ಮಾತ್ರ ಉಳಿದಿರುತ್ತಿದ್ದವು. ಅವುಗಳ ಕಾಯಿಯೂ ಮರುದಿನ ಹಳದಿಗಟ್ಟಿ ಉದುರುತ್ತಿತ್ತು. ಗೇಟಿಗೆ ಒಂದು ಬೋರ್ಡು ತೂಗುಹಾಕಿ, ಹೂಗಳ್ಳರಿಗೆ ತಕ್ಕುದನ್ನು ಬರೆದೆ. ವಾಯುವಿಹಾರದ ಭಾಗ್ಯಲಕ್ಷ್ಮಿ ಅದನ್ನು ಓದಿ ಮುಖ ಗಂಟಿಕ್ಕಿದರು.

"ನಿಮ್ಮ ಹೀರೆ ಹೂವು ಯಾರಿಗೆ ಬೇಕ್ರಿ ಟೀಚರ್? ಮುಡಿಯಾಕೂ ಬರಲ್ಲ ಅದು."

ಬಳ್ಳಿಯಲ್ಲಿ ಒಂದು ಕಾಯಿಯೂ ನಿಲ್ಲುತ್ತಿರಲಿಲ್ಲ. ರುಕ್ಸಾನಾ ಮಹಡಿಯ ಕಿಟಕಿಯಿಂದ ನೋಡುತ್ತಿದ್ದಳೇ ಹೊರತು ಏನನ್ನೂ ಕೇಳುತ್ತಿರಲಿಲ್ಲ. ಅದೇ ನನಗೆ ಹೆಚ್ಚು ಸಂಕಟ. ಒಂದು ಸಂಜೆ ನೀರಿನ ಡ್ರಮ್ಮಿನ ಹಿಂದೆ ಕಾದು ಕುಳಿತೆ. ಕಳ್ಳ ಗೋಡೆ ಹಾರಿ ಬರಲಿಲ್ಲ, ನಮ್ಮ ಅಡುಗೆಮನೆಯ ಬಾಗಿಲಿನಿಂದಲೇ ಬಂದ. ಸ್ನಾನ ಮಾಡಿ ಹಣೆಗೆ ವಿಭೂತಿ ಧರಿಸಿ, ಕೈಯಲ್ಲಿ ಹಿತ್ತಾಳೆ ತಟ್ಟೆ ಹಿಡಿದ ನನ್ನ ಯಜಮಾನರು, ಕೊಟ್ಟೂರೇಶ್.

ಸಂಜೆಯ ಇಷ್ಟಲಿಂಗ ಪೂಜೆಯನ್ನು ಅವರು ತಪ್ಪಿಸಿದವರಲ್ಲ. ಬೇರೆಯವರ ಹೂ ಮುಟ್ಟಬಾರದೆಂಬ ನನ್ನ ಮಾತನ್ನೂ ಮೀರಿದವರಲ್ಲ. ನಮ್ಮ ಕಣಗಿಲೆ, ದಾಸವಾಳ ಬೀದಿಯವರ ಪಾಲಾದ ಮೇಲೆ ಅವರಿಗೆ ಉಳಿದದ್ದು ಹೀರೆ ಹೂ ಒಂದೇ.

"ಏನ್ರೀ ಇದು?" ಎಂದೆ.

"ನಮ್ಮ ಬಳ್ಳೀದೇ ಹೂವಲ್ಲೇನು? ಕಾಯಿರೋ ಹೂವ ಮುಟ್ಟಿಲ್ಲ ನೋಡು, ಪಾಪ ಬರ್ತೈತೆ. ಕಿತ್ತಿದ್ದು ಬರೇ ಗೊಡ್ಡು ಹೂವು."

"ಅವು ಗೊಡ್ಡಲ್ರೀ, ಗಂಡು. ಅವಿಲ್ದೆ ಈ ಕಾಯಿ ನಿಲ್ಲಂಗಿಲ್ಲ."

ಅವರು ತಟ್ಟೆಯನ್ನು ಡ್ರಮ್ಮಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ಬೀದಿಯೋರಿಗೆಲ್ಲ ಬೋರ್ಡು ಹಾಕ್ದೆಲ್ಲ, ಅಡಿಗೆಮನ್ಯಾಗೂ ಒಂದು ಹಾಕ್ಬೇಕಿತ್ತು" ಎಂದರು.

ನಾನು ನಗಲಿಲ್ಲ. ಕಾಯಿ ಹೊತ್ತ ಹೂವೊಂದು ಆಗಷ್ಟೇ ಅರಳಿತ್ತು. ತಟ್ಟೆಯಿಂದ ಒಂದು ಹೂವೆತ್ತಿ, ಅದರ ಪರಾಗವನ್ನು ಇದಕ್ಕೆ ಸವರಿ ತೋರಿಸಿದೆ. ಅವರು ಮತ್ತೊಂದನ್ನೆತ್ತಿ ನನಗಿಂತ ಹಗುರವಾಗಿ ಸವರಿದರು. ಆದರೆ ಇನ್ನೊಂದಕ್ಕೆ ತಾಗಿದ ಹೂವನ್ನು ಲಿಂಗಕ್ಕೆ ಏರಿಸಬಹುದೇ? ಮೂಸಿದ ಹೂವನ್ನೂ ಏರಿಸದ ಮನೆತನ ಅವರದು. ಹೂವನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದರು.

"ಬಳ್ಳಿಗೆ ಮುಟ್ಟಿಸಿದ್ದು ಎಂಜಲು ಹೆಂಗಾಕೈತೆ?" ಎಂದು ಅದನ್ನೇ ಹಿಡಿದು ಒಳಗೆ ಹೋದರು. ಅಂದಿನಿಂದ ಹೂ ಮೊದಲು ಬಳ್ಳಿಗೆ, ಆಮೇಲೆ ಲಿಂಗಕ್ಕೆ. ಅದೂ ಒಂದೇ ಹೂ, ಮಿಕ್ಕವೆಲ್ಲ ದುಂಬಿಗಳಿಗೆ.

ಕಾಯಿ ನಿಂತಿತು. ಹರಿಹರದಿಂದ ಬಂದ ನಾದಿನಿ ಮೀನಾಕ್ಷಿ, ಎಳೆಯದಿದೆ, ಸಿಪ್ಪೆಯ ಚಟ್ನಿಗೆ ಹೇಳಿ ಮಾಡಿಸಿದಂತಿದೆ ಎಂದು ಕೈಹಾಕಿದಾಗ ಅವಳ ಅಣ್ಣನೇ ಅಡ್ಡ ನಿಂತರು. ಚಟ್ನಿಗೆ ಆಮೇಲಿನ ಕಾಯಿಗಳಾದವು. ರುಕ್ಸಾನಾಳ ಮನೆಗೂ ಹೋದವು. ಮೊದಲಿನದು ಮಾತ್ರ ಬಳ್ಳಿಯಲ್ಲೇ ಬಲಿತು, ಕಂದಾಗಿ, ಮುಂಗಾರು ಹಿಡಿಯುವ ಹೊತ್ತಿಗೆ ಹಗುರವಾಗಿ ಒಣಗಿತು.

ರುಕ್ಸಾನಾ ಬಂದು ಅದನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದಳು. ಬೀಜ ಗಲಗಲ ಎಂದಿತು. ತುದಿಯ ಮುಚ್ಚಳ ತೆಗೆದು ಸೆರಗಿಗೆ ಸುರಿದುಕೊಂಡಳು, ಕಪ್ಪು ಹೊಳಪಿನ ಬೀಜಗಳು. ಎಲ್ಲವನ್ನೂ ಒಯ್ಯುವಳೆಂದುಕೊಂಡಿದ್ದೆ.

"ಅರ್ಧ ನಿಮ್ಮತ್ರಾನೇ ಇರ್ಲಿ ಅಂಕಲ್," ಎಂದಳು ಪಕ್ಕದಲ್ಲಿದ್ದ ಯಜಮಾನರಿಗೆ. "ಒಂದೇ ಮನ್ಯಾಗಿದ್ರೆ ಭಯ ಆಕೈತೆ."

ಕೊಟ್ಟೂರೇಶ್ ಒಳಗೆ ಹೋಗಿ ಕೈತೊಳೆದು ಬಂದು, ಎರಡೂ ಕೈ ಒಡ್ಡಿದರು.