ನಡುವಿನ ಮೊಳೆ

"ಇದರಲ್ಲಿ ಮಾವೊರಿ ಎಲ್ಲಿದೆ?" ಎಂದು ಫರ್ಗಸ್ ಕೇಳಿದ.

ಕಾತರೈನಾ ತನ್ನ ಚಿತ್ರಗಳನ್ನು ಗ್ಯಾಲರಿಯ ಗೋಡೆಗೆ ಒರಗಿಸಿಟ್ಟು ಹತ್ತು ನಿಮಿಷದಿಂದ ಕೈಕಟ್ಟಿ ನಿಂತಿದ್ದಳು. ಹನ್ನೆರಡು ವರ್ಷದ ಕೆಲಸ. ವೆಲ್ಲಿಂಗ್ಟನ್ನಿನ ಗಾಳಿಗೆ ಬೀದಿ ತುಂಬ ಉರುಳಿಬಿದ್ದ ಕಸದ ಡಬ್ಬಿಗಳು, ಹಗ್ಗದ ಮೇಲೆ ಹುಚ್ಚೆದ್ದು ಹಾರುವ ಒದ್ದೆ ಬಟ್ಟೆ, ಮುರಿದ ಕೊಡೆ ಹಿಡಿದು ಬಸ್ಸಿಗೆ ಕಾಯುವ ನರ್ಸಮ್ಮ. ಆ ಡಬ್ಬಿಗಳ ಹಸಿರನ್ನು ಹಿಡಿಯುವುದಕ್ಕೇ ಅವಳಿಗೆ ಎರಡು ಚಳಿಗಾಲ ಬೇಕಾಗಿತ್ತು.

"ಮಾವೊರಿ ಇಲ್ಲೇ ನಿಂತಿದೀನಲ್ಲ," ಎಂದಳು.

"ಅಯ್ಯೋ, ನೀನು ಮಾವೊರಿ, ಅದು ನಂಗೊತ್ತು. ಚಿತ್ರ ಮಾವೊರಿ ಅಲ್ವಲ್ಲ! ಜನಕ್ಕೆ ಸ್ವಲ್ಪ ನೆಲ, ನಾರು, ಅಜ್ಜಿ, ಅಂಥದ್ದೇನಾದ್ರೂ ಬೇಕು."

ಮಾವೊರಿಗಳೆಂದರೆ ನ್ಯೂಜಿಲೆಂಡಿನ ಮೂಲ ಜನ. ಹೀಗೆಂದ ಗ್ಯಾಲರಿಯ ಮಾಲೀಕ ಫರ್ಗಸ್ ಅಪ್ಪಟ ಬಿಳಿಯ. ಆದರೆ ಎದೆಯ ಮೇಲೆ ಮಾವೊರಿಗಳು ಹಾಕಿಕೊಳ್ಳುವಂಥ ಅಂಗೈಯಗಲದ ಹಸಿರುಕಲ್ಲಿನ ಪದಕ ತೂಗುತ್ತಿತ್ತು. ಸಂಜೆ ತರಗತಿಗೆ ಹೋಗಿ ಮಾವೊರಿ ಭಾಷೆ ಕಲಿತಿದ್ದ. ಕಾತರೈನಾ ಫೋನಿನಲ್ಲಿ ದೊಡ್ಡಮ್ಮನ ಜೊತೆ ತಪ್ಪುತಪ್ಪಾಗಿ ಆಡುವ ನಾಲ್ಕು ಮಾತನ್ನು ಇವನು ಕಾಗುಣಿತ ಸಮೇತ ಆಡುತ್ತಿದ್ದ. ಹೋದ ವರ್ಷ ಇದೇ ಗ್ಯಾಲರಿಯಲ್ಲಿ ಡನೀಡನ್ನಿನ ಒಬ್ಬ ಹೆಂಗಸು, ಅಜ್ಜ ಮುತ್ತಜ್ಜ ಎಲ್ಲ ಸ್ಕಾಟ್‌ಲೆಂಡಿನವರು, 'ಮಾವೊರಿ ಪ್ರೇರಿತ' ನೇಯ್ಗೆ ಅಂತ ಇಟ್ಟು ಮೊದಲ ದಿನವೇ ಎಲ್ಲ ಮಾರಿಕೊಂಡು ಹೋಗಿದ್ದಳು. ಮಾವೊರಿಯಾಗಿ ಹುಟ್ಟಿದವಳಿಗಿಂತ ಪ್ರೇರಣೆ ಪಡೆದವಳಿಗೆ ಗಿರಾಕಿ ಜಾಸ್ತಿ. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಯಾವ ಊರಿಗೆ ಹೋದರೂ ಸುಳ್ಳಾಗುವುದಿಲ್ಲ ನೋಡಿ.

"ನವೆಂಬರಿನಲ್ಲಿ ಮೂರು ವಾರ ಖಾಲಿ ಇದೆ," ಎಂದ ಫರ್ಗಸ್. "ನಡುವೆ ಒಂದು ಪೀಠ, ಅದರ ಮೇಲೆ ನೀನು ನೇಯ್ದಿದ್ದು ಏನಾದ್ರೂ ಒಂದು. ಸುತ್ತಲ ಗೋಡೆಗೆ ಬೇಕಾದ್ರೆ ನಿನ್ನ ಡಬ್ಬಿಗಳೂ ಇರ್ಲಿ. ನೇಯೋಕೆ ಬರುತ್ತೆ ತಾನೆ?"

"ರಕ್ತದಲ್ಲೇ ಇದೆ," ಎಂದುಬಿಟ್ಟಳು ಕಾತರೈನಾ.

ರಕ್ತದಲ್ಲಿ ಏನೂ ಇರಲಿಲ್ಲ. ಚಿಕ್ಕಂದಿನಲ್ಲಿ ರಜೆಗೆ ವೈಕಾವಾ ಎಂಬ ಹಳ್ಳಿಗೆ ಹೋದಾಗ ಪಿರಿಹಿರಾ ದೊಡ್ಡಮ್ಮ ನೇಯಲು ಕರೆದರೆ ಇವಳು ಕೋಳಿಗೂಡಿನ ಹಿಂದೆ ಅವಿತುಕೊಳ್ಳುತ್ತಿದ್ದಳು. ಈಗ ನಲವತ್ತೊಂದು ವರ್ಷವಾಗಿತ್ತು. ತನ್ನದೇ ಒಂದು ಪ್ರದರ್ಶನ ಇನ್ನೂ ಆಗಿರಲಿಲ್ಲ. ಈ ಸಲವೂ ಆಗದಿದ್ದರೆ ಕುಂಚ ಬಿಸಾಕಿ ಸುಮ್ಮನಾಗುವುದೇ ಸರಿ ಎಂದು ನಿಜವಾಗಿಯೂ ನಿರ್ಧರಿಸಿದ್ದಳು. ಅದಕ್ಕೇ ಮಾರನೆಯ ದಿನವೇ ಕಾರು ಹತ್ತಿ ದೊಡ್ಡಮ್ಮನ ಮನೆಗೆ ಹೊರಟಳು.

ದೊಡ್ಡಮ್ಮನಿಗೆ ಎಪ್ಪತ್ತೆಂಟು. ಬೆರಳ ಗಂಟುಗಳು ಊದಿಕೊಂಡು ಈಗ ಹೆಚ್ಚು ನೇಯಲಾಗುತ್ತಿರಲಿಲ್ಲ, ನಾಲಿಗೆ ಮಾತ್ರ ಚೂಪಾಗಿಯೇ ಇತ್ತು. ಬಿಷಪ್ಪರ ಹೆಂಡತಿ ನೇಯ್ದ ಚಾಪೆಯನ್ನೇ, ಅಂಚು ಸೊಟ್ಟಗಿದೆ ಎಂದು ಮೂರು ಸಲ ಬಿಚ್ಚಿಸಿದವಳು.

"ಬಂದ್ಯಾ? ಕೋಳಿಗೂಡು ಈಗಿಲ್ಲ ಕಣೇ, ಇನ್ನೆಲ್ಲಿ ಬಚ್ಚಿಟ್ಕೋತೀಯ?" ಎಂದು ಮೂಗಿಗೆ ಮೂಗು ತಾಗಿಸಿ ಬರಮಾಡಿಕೊಂಡಳು.

ಅವಳ ನಡುಮನೆಯ ಗೋಡೆಯ ಮೇಲೆ ಇಪ್ಪತ್ತಾರು ಮೊಳೆಗಳಿದ್ದವು, ಇಪ್ಪತ್ತೈದು ಕೆಟೆಗಳು ತೂಗುತ್ತಿದ್ದವು. ಕೆಟೆ ಎಂದರೆ ನಾರೆಲೆಯ ಕೈಬುಟ್ಟಿ. ಯಾರೇ ಆಗಲಿ, ಜೀವನದಲ್ಲಿ ಮೊದಲು ನೇಯ್ದ ಕೆಟೆಯನ್ನು ಇಟ್ಟುಕೊಳ್ಳುವಂತಿಲ್ಲ, ಮಾರುವಂತಿಲ್ಲ, ಕೊಟ್ಟುಬಿಡಬೇಕು. ಅವೆಲ್ಲ ಶಿಷ್ಯರು ದೊಡ್ಡಮ್ಮನಿಗೆ ಕೊಟ್ಟ ಮೊದಲ ಕೆಟೆಗಳು. ಒಂದು ಜಪಾನಿನ ಹುಡುಗಿಯದು, ಒಂದು ಲೆವಿನ್ನಿನ ಪೊಲೀಸಪ್ಪನದು, ಒಂದು ಹಲ್ಲಿನ ಡಾಕ್ಟರದು. ಎಲ್ಲವುಗಳ ನಟ್ಟನಡುವೆ ಒಂದು ಮೊಳೆ ಖಾಲಿ ಇತ್ತು.

"ಅದು?" ಎಂದು ಕಾತರೈನಾ ಕೇಳಿದಳು.

"ಅದು ನಮ್ಮನೆ ಮಕ್ಕಳಿಗೆ. ಗಂಡುಹುಡುಗ್ರು ರಗ್ಬಿ ಅಂದ್ರು, ಹೆಣ್ಣುಹುಡುಗೀರು ಆಸ್ಟ್ರೇಲಿಯಾ ಅಂದ್ರು. ನೀನು ಕೋಳಿಗೂಡು ಅಂದೆ. ಬಾ, ಮಳೆ ಬರೋಕ್ಮುಂಚೆ ಎಲೆ ಕೊಯ್ಯೋಣ."

ನಾರೆಲೆಯ ಗಿಡದ ಮುಂದೆ ನಿಂತು ಪ್ರಾರ್ಥನೆ ಹೇಳಿ, ನಡುವಿನ ಎಳೆ ಸುಳಿಯನ್ನೂ ಅದರ ಆಚೀಚೆಯ ಎರಡು ಎಲೆಗಳನ್ನೂ ಬಿಟ್ಟು ಹೊರಗಿನವನ್ನು ಕೊಯ್ದರು. ಆ ಸುಳಿ ಮಗು, ಪಕ್ಕದವು ಅಪ್ಪ ಅಮ್ಮ. ಅವನ್ನು ಮುಟ್ಟಿದರೆ ಗಿಡದ ಮನೆ ಹಾಳು. ಅಷ್ಟರಲ್ಲಿ ನಾಲ್ಕು ಹನಿ ಬಿತ್ತು. ದೊಡ್ಡಮ್ಮ ಚಾಕು ಕಸಿದುಕೊಂಡಳು.

"ಇನ್ನೊಂದು ಹತ್ತೆಲೆ ದೊಡ್ಡಮ್ಮಾ! ಪ್ರದರ್ಶನಕ್ಕೆ ಇನ್ನು ಮೂರೇ ವಾರ ಇರೋದು."

"ಗಿಡ ನೆನೀತಿರೋವಾಗ ಕೊಯ್ತಾರೇನೇ? ನಿನ್ನ ಮೂರು ವಾರ ಗಿಡಕ್ಕೇನು ಗೊತ್ತು?"

ಒಲೆಯ ಮುಂದೆ ಕೂತು ಎಲೆಯನ್ನು ಸೀಳಿ, ಚಿಪ್ಪಿನಿಂದ ಕೆರೆದು ಹದಮಾಡಿದರು. ದೊಡ್ಡಮ್ಮ ನೋಯುವ ಬೆರಳುಗಳಲ್ಲೇ ಕೆಟೆಯ ತಳ ಹೆಣೆದು ಕೊಟ್ಟಳು. "ಮಿಕ್ಕಿದ್ದು ನೀನೇ ಮುಗಿಸಿ ತಗೊಂಡ್ಬಾ. ಮುಗಿಸಿದ ಮೇಲೆ ಯಾರಿಗಾದ್ರೂ ಕೊಡ್ಬೇಕು, ಗೊತ್ತಲ್ಲ?" ಎಂದು ಕೇಳುವಾಗ ಆ ಖಾಲಿ ಮೊಳೆಯ ಕಡೆ ನೋಡಲಿಲ್ಲ. ನೋಡದೆ ಇರಲು ಎಷ್ಟು ಕಷ್ಟಪಟ್ಟಳೆಂದರೆ ಕಾತರೈನಾಳಿಗೂ ಅದು ಕಾಣಿಸಿತು.

ವೆಲ್ಲಿಂಗ್ಟನ್ನಿನ ಬಾಡಿಗೆ ಮನೆಯಲ್ಲಿ ಎಂಟು ದಿನ ಹೆಣಗಿ ಮುಗಿಸಿದ ಆ ಕೆಟೆಯನ್ನು ಏನೆಂದು ಹೇಳಲಿ! ಒಂದು ಬದಿ ಎತ್ತರ, ಒಂದು ಬದಿ ಕುಳ್ಳು. ಬಾಯಿ ಹಲ್ಲುನೋವಿನವರ ಹಾಗೆ ಓರೆ. ಪಕ್ಕದಲ್ಲಿ ಎರಡು ಬೆರಳು ತೂರುವಷ್ಟು ತೂತು. ಆಲೂಗೆಡ್ಡೆ ತುಂಬಿಕೊಂಡು ಹೊರಟರೆ ಮನೆ ತಲುಪುವಾಗ ಕೈಯಲ್ಲಿ ಹಿಡಿ ಮಾತ್ರ ಉಳಿಯಬೇಕು. ಇದು ಪೀಠಕ್ಕಲ್ಲ ಎಂದುಕೊಂಡು ಅವಳು ಎರಡನೆಯದನ್ನು ಶುರುಮಾಡಿದಳು. ಅದು ಅಚ್ಚುಕಟ್ಟಾಗಿ ಬಂತು.

ಫರ್ಗಸ್ ನೋಡಲು ಬಂದ. ಅಚ್ಚುಕಟ್ಟಾದದ್ದನ್ನು ಎತ್ತಿ ನೋಡಿ ಕೆಳಗಿಟ್ಟ. "ಚೆನ್ನಾಗಿದೆ. ಅಂಗಡೀದು ಅನ್ಸುತ್ತೆ." ಆಮೇಲೆ ಮೂಲೆಯಲ್ಲಿ ಬಿದ್ದಿದ್ದ ಸೊಟ್ಟದನ್ನು ಕಂಡು ಉಸಿರು ಕಟ್ಟಿದವನಂತೆ ನಿಂತ.

"ಮುಟ್ಬೇಡ ಅದನ್ನ! ಈ ತೂತು... ವಸಾಹತುಶಾಹಿಯ ಗಾಯ!"

"ಅದು ನಂಗೆ ಎಳೆ ತಪ್ಪಿದ್ದು ಫರ್ಗಸ್."

"ಹೌದು! ಇಡೀ ಜನಾಂಗಕ್ಕೇ ಎಳೆ ತಪ್ಪಿದ್ದು!" ಅವನ ಕಣ್ಣಲ್ಲಿ ನೀರು ಬಂತು. "ಇದು ನೀನು ಮೊದಲು ನೇಯ್ದಿದ್ದಾ? ಇದೇ ಪೀಠಕ್ಕೆ. ಇದಿಲ್ದೆ ಪ್ರದರ್ಶನ ಇಲ್ಲ."

ಕೊಡಬೇಕಾದ ಕೆಟೆ ಎಂದು ಹೇಳಲು ಕಾತರೈನಾ ಬಾಯಿ ತೆರೆದಳು. ಹನ್ನೆರಡು ವರ್ಷ ನೆನಪಾಯಿತು. ಬಾಯಿ ಮುಚ್ಚಿಕೊಂಡಳು. ಆ ಭಾನುವಾರ ಎರಡನೆಯ ಕೆಟೆಯನ್ನು ವೈಕಾವಾಕ್ಕೆ ಒಯ್ದು, "ತಗೋ ದೊಡ್ಡಮ್ಮಾ, ನನ್ನ ಮೊದಲ್ನೇದು," ಎಂದು ಕೊಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದಲ್ಲ, ಹಾಗೆ.

ದೊಡ್ಡಮ್ಮ ಅದರ ತಳದ ಮೇಲೆ ಬೆರಳಾಡಿಸಿದಳು. ತಿರುಗಿಸಿದಳು, ಮತ್ತೆ ತಳ ಮುಟ್ಟಿದಳು. ಸ್ಟೂಲು ಎಳೆದುಕೊಂಡು, ಭುಜ ನೋವಿಗೆ ಹಾ ಎನ್ನುತ್ತ, ನಡುವಿನ ಮೊಳೆಗೆ ತಾನೇ ತೂಗುಹಾಕಿದಳು. ಆಮೇಲೆ ಕರಿದ ರೊಟ್ಟಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಕಾತರೈನಾ ಅದನ್ನು ಅರ್ಧಕ್ಕೇ ಬಿಟ್ಟು ಕಾರು ಹತ್ತಿದಳು.

ಪ್ರದರ್ಶನ ಶನಿವಾರ ಮಧ್ಯಾಹ್ನ ಶುರುವಾಯಿತು. ಪೀಠದ ಮೇಲೆ ದೀಪದ ಬೆಳಕಿನಲ್ಲಿ ಸೊಟ್ಟ ಕೆಟೆ. ಪಕ್ಕದಲ್ಲಿ ಫರ್ಗಸ್ ಬರೆಸಿದ ಫಲಕ; ಅದನ್ನು ಕಾತರೈನಾ ನೋಡಿದ್ದೇ ಅವತ್ತು. ಅಲ್ಲಿ ಮಾರಾಟವಾಯಿತೆಂದು ತೋರಿಸುವ ಕೆಂಪು ಚುಕ್ಕಿ ಆಗಲೇ ಬಿದ್ದಿತ್ತು. ಹೋಲ್ಟ್ ಎಂಬ ಶ್ರೀಮಂತ ಮುದುಕಿ ಕೊಂಡಿದ್ದಳು. ಜನ ವೈನು ಹಿಡಿದು ತೂತಿನೊಳಗೆ ಇಣುಕಿ, ನಿಟ್ಟುಸಿರು ಬಿಟ್ಟು, ಮುಂದಿನವರಿಗೆ ಜಾಗ ಬಿಡುತ್ತಿದ್ದರು. ಗೋಡೆಯ ಕಸದ ಡಬ್ಬಿಗಳನ್ನು ಒಬ್ಬ ಪುಣ್ಯಾತ್ಮನೂ ತಿರುಗಿ ನೋಡಲಿಲ್ಲ.

ಅಷ್ಟು ಹೊತ್ತಿಗೆ ಬಾಗಿಲಲ್ಲಿ ವ್ಯಾನು ನಿಂತಿತು. ಬರಬೇಡಿ ಎನ್ನುವ ಧೈರ್ಯ ಕಾತರೈನಾಳಿಗಿರಲಿಲ್ಲ, ಬನ್ನಿ ಎಂದೂ ಹೇಳಿರಲಿಲ್ಲ. ಆದರೆ ಮನೆ ಮಗಳ ಕಾರ್ಯಕ್ಕೆ ಕರೆಯೋಲೆ ಬೇಕೆ? ದೊಡ್ಡಮ್ಮ, ಡ್ರೈವರು ಸೀಟಿನಿಂದ ಚಿಕ್ಕಪ್ಪ ಟಾಮಾಟಿ, ಒಂಬತ್ತು ಜನ ನೆಂಟರು, ಒಂದು ಗಿಟಾರು, ಐಸ್‌ಕ್ರೀಮ್ ಡಬ್ಬಿಯ ತುಂಬ ಕರಿದ ರೊಟ್ಟಿ.

"ಅಸಲಿ ಜನ!" ಎಂದು ಫರ್ಗಸ್ ಪದಕ ಸರಿಮಾಡಿಕೊಂಡು ಓಡಿದ. ದೊಡ್ಡಮ್ಮನ ಎದುರು ನಿಂತು ಶುದ್ಧ ಮಾವೊರಿಯಲ್ಲಿ ನಾಲ್ಕು ನಿಮಿಷ ಸ್ವಾಗತ ಹೇಳಿದ.

"ಚೆನ್ನಾಗಿ ಬಾಯಿಪಾಠ ಮಾಡಿದೀಯಪ್ಪ," ಎಂದಳು ಅವಳು. "ಮೂತ್ರಕ್ಕೆ ಎಲ್ಲಿ ಹೋಗೋದು?"

ಹೋಗಿ ಬಂದವಳು ನೇರ ಪೀಠದ ಮುಂದೆ ನಿಂತಳು.

"ಕನ್ನಡಕ ತರ್ಲಿಲ್ಲ. ಅದೇನು ಬರ್ದಿದಾರೆ, ಓದೋ ಟಾಮಾಟಿ."

ಟಾಮಾಟಿ ಪ್ರಾಯದಲ್ಲಿ ಕುರಿ ಹರಾಜು ಕೂಗುತ್ತಿದ್ದವನು. ಅದೇ ಗಂಟಲಿನಲ್ಲಿ ಓದಿದ. "ಮೊದಲನೆಯದು! ಕಲಾವಿದೆ ತನ್ನ ಜೀವನದಲ್ಲಿ ನೇಯ್ದ ಮೊಟ್ಟಮೊದಲ ಕೆಟೆ..." ಅಲ್ಲಿಗೆ ನಿಲ್ಲಿಸಿ ತಲೆ ಕೆರೆದುಕೊಂಡ. "ಅಲ್ಲಕ್ಕಾ, ಮೊದಲ್ನೇದು ನಿನ್ನ ಗೋಡೆ ಮ್ಯಾಲೈತಲ್ಲ?"

ವೈನು ಹಿಡಿದವರೆಲ್ಲ ಇತ್ತ ತಿರುಗಿದರು. ಕಾತರೈನಾ ಕಣ್ಣು ಕೆಳಗೆ ಮಾಡಿದಳು. ಬೈಗುಳ ಬರಲಿ ಎಂದು ಕಾದಳು, ಬಂದಿದ್ದರೆ ಒಳ್ಳೆಯದಿತ್ತು.

"ಅದು ನನ್ನ ಮನೇಲಿ ಕಲ್ತ ಮೊದಲ್ನೇದು," ಎಂದಳು ದೊಡ್ಡಮ್ಮ, ಎಲ್ಲರಿಗೂ ಕೇಳುವ ಹಾಗೆ. "ಇದು ಪಟ್ಟಣದಲ್ಲಿ ಕೂತು ನೇಯ್ದ ಮೊದಲ್ನೇದು. ಎರಡೂ ಮೊದಲ್ನೇದೇ. ನಿಂಗೆ ಓದೋಕ್ಬಂದ್ರೆ ಸಾಕೇನೋ, ತಲೇನೂ ಬೇಕು."

ನಾಲ್ಕು ಹನಿ ಮಳೆಗೆ ಚಾಕು ಕಸಿದುಕೊಂಡವಳು. ಬಿಷಪ್ಪರ ಹೆಂಡತಿಯಿಂದ ಮೂರು ಸಲ ಬಿಚ್ಚಿಸಿದವಳು. ಆ ಹೆಂಗಸು ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ವೈನು ಹಿಡಿದ ಅಪರಿಚಿತರ ಮುಂದೆ, ತಂಗಿಯ ಮಗಳ ಮಾನ ಉಳಿಸಲು ನೇಯ್ಗೆಯ ವಿಷಯದಲ್ಲಿ ಸುಳ್ಳು ಹೇಳಿದ್ದಳು. ಕಾತರೈನಾಳಿಗೆ ನಾಚಿಕೆ ಎಷ್ಟಾಯಿತೆಂದರೆ ಮೈಯೆಲ್ಲ ಉರಿಯಿತು.

ಅವಳು ಜನರನ್ನು ಸರಿಸಿಕೊಂಡು ಹೋಗಿ ಪೀಠದ ಮೇಲಿನ ಕೆಟೆಯನ್ನು ಎತ್ತಿಕೊಂಡಳು. "ಸುಳ್ಳು," ಎಂದಳು. "ಮೊದಲ್ನೇದು ಒಂದೇ, ಇದೇ. ನಿಂಗೆ ಕೊಟ್ಟಿದ್ದು ಎರಡ್ನೇದು. ಮೋಸ ಮಾಡ್ದೆ ದೊಡ್ಡಮ್ಮಾ. ತಗೋ."

ದೊಡ್ಡಮ್ಮ ಎರಡು ಕೈ ಚಾಚಿ ತೆಗೆದುಕೊಂಡಳು. ನೆಂಟರು ಗಿಟಾರು ಎತ್ತಿ ಹಾಡಿದರು. ಅವರಲ್ಲಿ ಯಾರೇ ಎದ್ದು ಮಾತಾಡಿದರೂ ಮುಗಿದ ಮೇಲೆ ಹಾಡಲೇಬೇಕು, ಮಾತು ಎಂಥದ್ದೇ ಇರಲಿ.

ಕೋಣೆಯೆಲ್ಲ ಚಪ್ಪಾಳೆ ತಟ್ಟಿತು. ಹೋಲ್ಟಮ್ಮ ಕರವಸ್ತ್ರ ತೆಗೆದಳು. ಫರ್ಗಸ್ ಓಡಿಬಂದು ಕಾತರೈನಾಳ ಕಿವಿಯಲ್ಲಿ ಉಸುರಿದ, "ಮೊದ್ಲೇ ಹೇಳ್ಬಾರ್ದಿತ್ತಾ? ವೀಡಿಯೊ ಮಾಡಿಸ್ತಿದ್ದೆ! ಎಂಥ ಪ್ರಯೋಗ! ಮತ್ತೆ ಯಾವಾಗ ವಾಪಸ್ ಇಡ್ತೀಯ?"

"ಇಡಲ್ಲ."

"ಅಂದ್ರೆ, ಮುಂದಿನ ಶನಿವಾರ ಎರಡು ಗಂಟೆಗೆ ಇನ್ನೊಂದ್ಸಲ..."

"ಯಾವತ್ತೂ ಇಡಲ್ಲ ಫರ್ಗಸ್. ಕೊಟ್ಟಾಯ್ತು."

ಅವನ ಮುಖ ಇಳಿಯಿತು. ಈಗ ಮಾವೊರಿ ಮರೆತುಹೋಗಿತ್ತು. "ಹಾಗಾದ್ರೆ ಪ್ರದರ್ಶನಾನೂ ಮುಗೀತು. ನಿನ್ನ ಡಬ್ಬಿಗಳನ್ನೂ ತಗೊಂಡು ಹೋಗು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಷ್ಟೆ. ಹನ್ನೆರಡು ವರ್ಷ ಕಾದ ಪ್ರದರ್ಶನ ಒಂದೂಕಾಲು ಗಂಟೆ ನಡೆಯಿತು. ಖಾಲಿ ಪೀಠವನ್ನು 'ಕೊಟ್ಟದ್ದು' ಎಂಬ ಹೊಸ ಫಲಕದ ಸಮೇತ ಹೋಲ್ಟಮ್ಮ ಕೊಂಡಳೆಂದು ಆಮೇಲೆ ತಿಳಿಯಿತು.

ನೆಂಟರೆಲ್ಲ ಸೇರಿ ಚಿತ್ರಗಳನ್ನು ಇಳಿಸಿ ವ್ಯಾನಿಗೆ ಸಾಗಿಸಿದರು. ಟಾಮಾಟಿ ಒಂದನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದ. "ಏನು ಗಾಳಿ ಮಾರಾಯ್ತಿ! ಡಬ್ಬಿಗಿಂತ ಗಾಳಿನೇ ಕಾಣ್ತೈತೆ," ಎಂದ. ಆ ಚಿತ್ರಗಳ ಬಗ್ಗೆ ಅವಳು ಇಷ್ಟು ವರ್ಷದಲ್ಲಿ ಕೇಳಿದ ಮೊದಲ ಬುದ್ಧಿಯ ಮಾತು ಅದು. ಹೇಳಿದವನು ಕುರಿ ಹರಾಜಿನವನು.

ವೈಕಾವಾ ತಲುಪಿದಾಗ ಇನ್ನೂ ಬಿಸಿಲಿತ್ತು. ದೊಡ್ಡಮ್ಮ ತೂತಿನಲ್ಲಿ ಎರಡು ಬೆರಳು ತೂರಿಸಿ, "ಥೂ, ಎಂಥ ದರಿದ್ರ ಕೆಲ್ಸ ಕಣೇ!" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಡುವಿನ ಮೊಳೆಯಿಂದ ಅಚ್ಚುಕಟ್ಟಾದ ಕೆಟೆಯನ್ನು ತೆಗೆಸಿ ಈರುಳ್ಳಿ ಹಾಕಲು ಅಡುಗೆಮನೆಗೆ ಕಳಿಸಿದಳು. ಸೊಟ್ಟದನ್ನು ಕಾತರೈನಾಳ ಕೈಗಿತ್ತು, "ನೀನೇ ಹಾಕು, ನನ್ನ ಭುಜ ಏಳಲ್ಲ," ಎಂದಳು.

ಸ್ಟೂಲಿನ ಮೇಲೆ ನಿಂತು ಕಾತರೈನಾ ಕೇಳಿದಳು, "ನಿಂಗೆ ಮೊದ್ಲೇ ಗೊತ್ತಿತ್ತಲ್ವಾ ದೊಡ್ಡಮ್ಮ?"

"ನೀನು ತಂದ ದಿನಾನೇ. ಮೊದಲ್ನೇದರ ತಳ ನಾನು ಹೆಣೆದಿದ್ದು. ನನ್ನ ಬೆರಳು ನಂಗೆ ಗೊತ್ತಾಗಲ್ವೇನೇ?"

"ಮತ್ತೆ ಯಾಕೆ ತೂಗುಹಾಕ್ದೆ? ಯಾಕೆ ಬೈಲಿಲ್ಲ?"

ದೊಡ್ಡಮ್ಮ ಗೋಡೆಯ ಕಡೆ ತಿರುಗಿದಳು.

"ನಲವತ್ತು ವರ್ಷ ಆಯ್ತು ಕಣೇ ಆ ಮೊಳೆ ಹೊಡ್ದು," ಎಂದಳು. "ನೀನು ಸುಳ್ಳನ್ನಾದ್ರೂ ತಂದೆ. ಮಿಕ್ಕಿದೋರು ಅದನ್ನೂ ತರ್ಲಿಲ್ಲ."

ಕಾತರೈನಾ ಕೆಟೆಯನ್ನು ಮೊಳೆಗೆ ಸಿಕ್ಕಿಸಿದಳು. ಅದು ಒಂದು ಕಡೆಗೆ ವಾಲಿತು. ಸರಿಮಾಡಲು ಕೈ ಎತ್ತಿದವಳನ್ನು ದೊಡ್ಡಮ್ಮ, ಹಾಗೇ ಇರಲಿ ಬಿಡು ಎಂದು ತಡೆದಳು.